ಬೆರಳು ಮಡಚಿ ಎಣಿಸಿದ ಷಟ್ಪದಿ

ಜನವರಿ ಬಂತೆಂದರೆ ನಮ್ಮ ಪ್ರೌಢಶಾಲೆಯಲ್ಲಿ ಮಕ್ಕಳನ್ನು ಮೇಷ್ಟ್ರುಗಳಿಗೆ ಹಂಚುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ದಡ ಸೇರುವುದು ಅನುಮಾನ ಎನಿಸಿದವರ ಪಟ್ಟಿ ತಯಾರಾಗಿ, ಒಬ್ಬೊಬ್ಬ ಶಿಕ್ಷಕರ ಮುಂದೆ ನಾಲ್ಕೈದು ಹೆಸರು ಬೀಳುತ್ತವೆ. ಇದಕ್ಕೆ ದತ್ತು ಎನ್ನುತ್ತಾರೆ. ಜೊತೆಗೆ ಪಾಸಿಂಗ್ ಪ್ಯಾಕೇಜ್ ಎಂಬ ಕಿರುಹೊತ್ತಿಗೆಯೂ ಕೈಗೆ ಬರುತ್ತದೆ: ಒಂದು ಕಂಠಪಾಠದ ಪದ್ಯ, ಒಂದು ಪತ್ರ, ಒಂದು ಗಾದೆ ವಿಸ್ತರಣೆ, ಉಳಿದದ್ದನ್ನು ಬಿಡಿ. ಬಿಡಬೇಕಾದವುಗಳಲ್ಲಿ ಛಂದಸ್ಸಿಗೇ ಅಗ್ರಸ್ಥಾನ. ಪ್ರಸ್ತಾರ ಹಾಕುವ, ಅಂದರೆ ಪದ್ಯದ ಸಾಲಿಗೆ ಗುರು ಲಘು ಗುರುತಿಸಿ ಗಣ ವಿಂಗಡಿಸುವ, ಮೂರಂಕದ ಪ್ರಶ್ನೆಗಾಗಿ ಇಂಥ ಮಕ್ಕಳ ತಲೆ ತಿನ್ನಬೇಡಿ ಎಂಬುದು ಸಭೆಗಳಲ್ಲಿ ಸಿಗುವ ಸಲಹೆ. ಅದರಲ್ಲಿ ಲೆಕ್ಕಾಚಾರ ಇದೆ, ಒಪ್ಪುತ್ತೇನೆ. ಕನ್ನಡದ ಮೇಷ್ಟ್ರಾದ ನನಗೆ ಉರಿಯುತ್ತದೆ, ಅದೂ ನಿಜ.

ಮೂಡಿಗೆರೆ ಕಡೆಯ ಶಾಲೆ ನಮ್ಮದು. ಆ ವರ್ಷ ನನ್ನ ಪಾಲಿಗೆ ಬಂದವರಲ್ಲಿ ಒಬ್ಬ ಬ್ಯಾರಿ ಹುಡುಗ. ತಂದೆ ಕಾಫಿ ತೋಟವೊಂದರಲ್ಲಿ ಜೀಪು ಓಡಿಸುತ್ತಿದ್ದರು. ಮಾತಿನಲ್ಲಿ ಚುರುಕಾಗಿದ್ದ ಹುಡುಗ ಪುಸ್ತಕ ಬಿಚ್ಚಿದರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದ. ವಿಶೇಷ ತರಗತಿಗೂ ಚಕ್ಕರ್ ಹಾಕತೊಡಗಿದಾಗ ಒಂದು ಭಾನುವಾರ ಬೆಳಿಗ್ಗೆ ಮನೆ ಭೇಟಿಗೆ ಹೊರಟೆ.

‘ಅವನು ಮದ್ರಸದಲ್ಲಿದ್ದಾನೆ ಸರ್, ಅಲ್ಲಿ ಶುಕ್ರವಾರ ಮಾತ್ರ ರಜೆ’ ಎಂದರು ತಾಯಿ. ಮಸೀದಿಯ ಪಕ್ಕದ ಉದ್ದನೆಯ ಕೋಣೆ ಅದು. ಮದ್ರಸದ ಗುರುಗಳಾದ ಉಸ್ತಾದರು ದೊಡ್ಡವರಿಗೆ ಪಾಠ ಹೇಳುತ್ತಿದ್ದರು. ಮೂಲೆಯಲ್ಲಿ ನಮ್ಮ ಹುಡುಗ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಕುರ್‌ಆನಿನ ಸಾಲನ್ನು ಹೇಳಿಕೊಡುತ್ತಿದ್ದ. ಸ್ವರ ಎಳೆಯುವಲ್ಲೆಲ್ಲ ಅವನ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಒಂದು ಮಗು ಸ್ವರವನ್ನು ಬೇಗ ನಿಲ್ಲಿಸಿಬಿಟ್ಟಿತು. ‘ಇಲ್ಲಿ ನಾಲ್ಕು, ನೀನು ಎರಡೇ ಎಳೆದೆ’ ಎಂದು ತಡೆದ.

ಪಾಠ ಮುಗಿದ ಮೇಲೆ ಉಸ್ತಾದರು ಚಹಾ ತರಿಸಿದರು. ಆ ಬೆರಳಿನ ಲೆಕ್ಕ ಏನೆಂದು ಕೇಳಿದೆ. ಅದು ಮದ್ದ್, ತಜ್ವೀದಿನ ಒಂದು ಭಾಗ. ತಜ್ವೀದ್ ಎಂದರೆ ಕುರ್‌ಆನನ್ನು ಸರಿಯಾಗಿ ಉಚ್ಚರಿಸುವ ಶಾಸ್ತ್ರ. ಹ್ರಸ್ವ ಸ್ವರದ ಕಾಲ ಒಂದು ಎಂದಿಟ್ಟುಕೊಂಡರೆ ಸಾದಾ ದೀರ್ಘಕ್ಕೆ ಎರಡು, ಕೆಲವೆಡೆ ನಾಲ್ಕೋ ಐದೋ, ಇನ್ನು ಕೆಲವೆಡೆ ಆರು. ನನ್ನ ಕಿವಿ ನೆಟ್ಟಗಾಯಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದದ್ದೂ ಅದನ್ನೇ ಅಲ್ಲವೇ?

ಪಾಸಿಂಗ್ ಪ್ಯಾಕೇಜಿನ ವಿಷಯ ಹೇಳಿದಾಗ ಉಸ್ತಾದರು ನಕ್ಕರು. ‘ಅದು ನಮ್ಮ ಖಲೀಲರು ಮಾಡಿದ ಕೆಲಸವೇ ಮೇಷ್ಟ್ರೇ’ ಎಂದು ಕಥೆ ಆರಂಭಿಸಿದರು.

ಎಂಟನೆಯ ಶತಮಾನದ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅರಬ್ಬಿ ಛಂದಸ್ಸನ್ನು ಶಾಸ್ತ್ರವಾಗಿಸಿದವರು. ಅರಬ್ಬಿ ವ್ಯಾಕರಣದ ಮಹಾಪಂಡಿತನೆನಿಸಿದ ಪರ್ಷಿಯನ್ ಮೂಲದ ಸೀಬವೈಹಿ ಅವರ ಶಿಷ್ಯ. ನಿಘಂಟುಗಳ ಹುಚ್ಚಿನಿಂದ ಖಲೀಲರ ಹೆಸರು ನನಗೂ ಪರಿಚಯವಿತ್ತು. ಗಂಟಲಾಳದಿಂದ ಹೊರಡುವ ‘ಐನ್’ ಅಕ್ಷರದಿಂದ ಶುರುವಾಗಿ ತುಟಿಯ ಕಡೆಗೆ ಸಾಗುತ್ತದೆ ಅವರ ನಿಘಂಟಿನ ಕ್ರಮ; ಕವರ್ಗದಿಂದ ಪವರ್ಗಕ್ಕೆ ಬರುವ ನಮ್ಮ ವರ್ಣಮಾಲೆಯೂ ಅದೇ ದಾರಿ ಹಿಡಿದದ್ದು. ಇಂಥ ಖಲೀಲರ ಬಳಿ ಛಂದಸ್ಸು ಕಲಿಯಲು ಬಂದ ಒಬ್ಬನಿಗೆ ಎಷ್ಟು ಕಾಲ ಕಳೆದರೂ ಅದು ತಲೆಗೆ ಹತ್ತಲಿಲ್ಲವಂತೆ. ಒಂದು ದಿನ ಖಲೀಲರು ಹಳೆಯ ಪದ್ಯವೊಂದನ್ನು ಕೊಟ್ಟು ಇದಕ್ಕೆ ಪ್ರಸ್ತಾರ ಹಾಕು ಎಂದರಂತೆ. ಪದ್ಯದ ತಾತ್ಪರ್ಯ ಇಷ್ಟು: ಕೈಲಾಗದ್ದನ್ನು ಬಿಡು, ಆಗುವುದರ ಕಡೆಗೆ ನಡೆ. ತನಗೆ ತಿಳಿದಷ್ಟು ಬಿಡಿಸಿ ಎದ್ದು ಹೋದವನು ಮತ್ತೆ ಬರಲಿಲ್ಲ. ಛಂದಸ್ಸು ತಿಳಿಯದವನಿಗೆ ಸೂಚನೆ ಎಷ್ಟು ಬೇಗ ತಿಳಿಯಿತಲ್ಲ ಎಂದು ಖಲೀಲರೇ ಬೆರಗಾದರಂತೆ.

ಕಥೆ ಸೊಗಸಾಗಿದೆ, ಆದರೆ ನನಗೆ ರುಚಿಸಲಿಲ್ಲ. ಅಷ್ಟು ಸೂಕ್ಷ್ಮವಾದ ಸೂಚನೆಯನ್ನು ಹಿಡಿದವನ ಬುದ್ಧಿ ಮಂದ ಎನ್ನಲು ಆಗುತ್ತದೆಯೇ? ಅವನಿಗೆ ಕಲಿಸಲು ಬೇರೆ ದಾರಿ ಇತ್ತೇನೋ, ಯಾರೂ ಹುಡುಕಲಿಲ್ಲ. ಹೀಗೆಂದಾಗ ಉಸ್ತಾದರು ಲೋಟ ಕೆಳಗಿಟ್ಟರು. ‘ಹಾಗಾದರೆ ನಮ್ಮ ಇಮಾಮರ ಕಥೆಯನ್ನೂ ಕೇಳಿ.’

ಬ್ಯಾರಿಗಳು ಶಾಫಿ ಪಂಥದವರು. 820ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಇಮಾಮ್ ಶಾಫಿಯವರ ಶಿಷ್ಯರಲ್ಲಿ ರಬೀ ಇಬ್ನ್ ಸುಲೈಮಾನ್ ಎಂಬವರಿಗೆ ಗ್ರಹಿಕೆ ನಿಧಾನ. ಒಂದೇ ವಿಷಯವನ್ನು ನಲವತ್ತು ಸಲ ಹೇಳಿದರೂ ಅರ್ಥವಾಗದೆ ನಾಚಿಕೆಯಿಂದ ಅವರು ಸಭೆಯಿಂದ ಎದ್ದು ಹೋದರೆಂದೂ, ಇಮಾಮರು ಅವರೊಬ್ಬರನ್ನೇ ಕರೆದು ತಿಳಿಯುವವರೆಗೆ ಮತ್ತೆ ಹೇಳಿಕೊಟ್ಟರೆಂದೂ ಹೇಳುತ್ತಾರೆ. ಶಾಫಿಯವರ ಕೃತಿಗಳು ಮುಂದಿನ ತಲೆಮಾರುಗಳಿಗೆ ತಲುಪಿದ್ದು ಬಹುಮಟ್ಟಿಗೆ ಈ ರಬೀ ಅವರ ಮೂಲಕವೇ. ಸಭೆಯಲ್ಲಿ ಬೇಗ ತಲೆಯಾಡಿಸಿದ ಜಾಣರ ಪೈಕಿ ಎಷ್ಟು ಮಂದಿಯ ಹೆಸರು ಉಳಿದಿದೆಯೋ!

ಅಲ್ಲೇ ಇದ್ದ ಬೋರ್ಡಿನ ಮೇಲೆ ಭಾಮಿನಿ ಷಟ್ಪದಿಯ ಒಂದು ಸಾಲು ಬರೆದೆ. ಹುಡುಗ ಎಂದಿನಂತೆ ಅದನ್ನು ದಿಟ್ಟಿಸಿ ಬೆವರತೊಡಗಿದ. ಸಾಲನ್ನು ಅಳಿಸಿ, ಬಾಯಲ್ಲಿ ಹೇಳಿ, ಮದ್ದಿನಂತೆ ಬೆರಳು ಮಡಚು ಎಂದೆ. ಮೂರು, ನಾಲ್ಕು, ಮೂರು, ನಾಲ್ಕು: ಹದಿನಾಲ್ಕು ಮಾತ್ರೆ ಕೈಗೆ ಬಂತು. ಒತ್ತಕ್ಷರವನ್ನು ಅವನ ಕಣ್ಣು ತಪ್ಪಿಸಿಕೊಳ್ಳುತ್ತಿತ್ತು, ನಾಲಗೆ ಮಾತ್ರ ಅದರ ಹಿಂದಿನ ಅಕ್ಷರದ ಮೇಲೆ ಸರಿಯಾಗಿ ಊರುತ್ತಿತ್ತು. ‘ಎಳೆಯದಿದ್ದರೂ ಇದು ಎರಡೇ ಸರ್?’ ಎಂದು ಅವನೇ ಕೇಳಿದ. ಖಲೀಲರ ಲೆಕ್ಕದಲ್ಲೂ ದೀರ್ಘ ಸ್ವರಕ್ಕೂ ವ್ಯಂಜನದಲ್ಲಿ ನಿಲ್ಲುವ ಹ್ರಸ್ವಕ್ಕೂ ಒಂದೇ ತೂಕ ಎಂದು ಉಸ್ತಾದರು ನಡುವೆ ಬಾಯಿ ಹಾಕಿದರು. ಉಳಿದವಕ್ಕಿಂತ ಉದ್ದವಾದ ಮೂರನೆಯ ಸಾಲಿನಲ್ಲಿ ತುಸು ಜಗಳವಾಯಿತು. ಅವನಿಗೆ ಇಪ್ಪತ್ತೆರಡು, ನನಗೆ ಇಪ್ಪತ್ತಮೂರು. ಸಾಲಿನ ಕೊನೆಯ ಅಕ್ಷರ ಹ್ರಸ್ವವಾಗಿದ್ದರೂ ಗುರು ಎಂಬ ನಿಯಮ ಅವನಿಗೆ ಶುದ್ಧ ಮೋಸವೆನಿಸಿತು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಷಟ್ಪದಿ ಬರಲಿಲ್ಲ, ಮಾತ್ರೆಯ ಬದಲು ಅಕ್ಷರ ಎಣಿಸಿ ಗಣ ಮಾಡುವ ಉತ್ಪಲಮಾಲೆ ಬಂತು. ಗೆರೆ, ಬಟ್ಟಲು ಎಲ್ಲ ಸರಿಯಾಗಿಯೇ ಹಾಕಿದ್ದ. ಆದರೆ ಮೂರು ಮೂರು ಅಕ್ಷರಕ್ಕೆ ಕಡಿಯುವ ಬದಲು ಮೂರು ನಾಲ್ಕು ಮಾತ್ರೆಗೆ ಕಡಿದಿದ್ದ. ಒಂದು ಅಂಕ ಕೊಟ್ಟೆ. ಉತ್ತರ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೇ ಬಂದ: ‘ಗುರು ಲಘು ಒಂದೂ ತಪ್ಪಿಲ್ಲ ಸರ್, ಇನ್ನರ್ಧ ಕೊಡಿ.’ ಕೊಡಲಿಲ್ಲ, ಅಕ್ಷರಗಣಗಳ ಸೂತ್ರವಾದ ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿಕೊಂಡು ಬಾ ಎಂದು ಕಳಿಸಿದೆ.