ಕಲ್ಲುಹಕ್ಕಲ

ನಮ್ಮೂರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಅಣ್ಣನಿಗೆ ಫೋನು ಬರುತ್ತದೆ, ಸಮುದ್ರ ಕಾಣುವ ಜಾಗ ಇನ್ನೂ ಉಂಟಾ ಎಂದು ಕೇಳಿಕೊಂಡು. ಕುಮಟಾದಿಂದ ಕಾಗಾಲ ದಾಟಿ ಅಘನಾಶಿನಿಯ ಅಳಿವೆಯತ್ತ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಎಂದರೆ ಸಾಕು. ಎಡಕ್ಕೆ ಗುಡ್ಡ, ಗುಡ್ಡದಾಚೆ ಕಡಲು. ಬಲಕ್ಕೆ ಗಜನಿ ಗದ್ದೆ, ಗಜನಿಯಾಚೆ ಹೊಳೆ. ನಡುವೆ ನಮ್ಮ ಕೇರಿ.

ಆ ಗುಡ್ಡದ ನೆತ್ತಿಯಲ್ಲಿ ಒಂದು ಎಕರೆ ಹತ್ತು ಗುಂಟೆ ನಮ್ಮ ಅಜ್ಜನದು. ಕಲ್ಲುಹಕ್ಕಲ ಅಂತಲೇ ಅದರ ಹೆಸರು. ಕೆಂಪು ಕಲ್ಲು, ಕರಡ ಹುಲ್ಲು, ಹನ್ನೊಂದೋ ಹನ್ನೆರಡೋ ಗೇರುಮರ. ಮಳೆಗಾಲದಲ್ಲಿ ನಿಲ್ಲಲಾಗದಷ್ಟು ಗಾಳಿ, ಬೇಸಿಗೆಯಲ್ಲಿ ಕುಡಿಯಲು ಹನಿ ನೀರಿಲ್ಲ. ಗೇರುಬೀಜ ಹೆಕ್ಕಲು ನಮ್ಮನ್ನು ಕಳಿಸುತ್ತಿದ್ದರಲ್ಲ, ಅದು ನಮಗೆ ಶಿಕ್ಷೆ. ಅಲ್ಲಿಂದ ಕಡಲು ಕಾಣುತ್ತಿತ್ತು, ತದಡಿ ಕಾಣುತ್ತಿತ್ತು, ಅದರಾಚೆ ಗೋಕರ್ಣದ ಗುಡ್ಡಗಳೂ ಕಾಣುತ್ತಿದ್ದವು. ಕಡಲು ಕಾಣುವುದು ಒಂದು ಗುಣ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮನೆ ಕಟ್ಟುವವರು ಕಡಲಿಗೆ ಬೆನ್ನು ಹಾಕಿಯೇ ಕಟ್ಟುತ್ತಿದ್ದರು.

1988ರಲ್ಲಿ ಅಪ್ಪ, ಚಿಕ್ಕಪ್ಪ ಪಾಲಾದರು. ಊರ ನಾಲ್ಕು ಹಿರಿಯರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತ ಬಾಯಿಮಾತಿನಲ್ಲೇ ಹಿಸ್ಸೆ ಮಾಡಿ ಎದ್ದರು. ಹಿರಿಯವನು ಅಂತ ಅಪ್ಪನಿಗೆ ಗಜನಿ, ಎರಡು ಎಕರೆ. ಚಿಕ್ಕಪ್ಪನಿಗೆ ಕಲ್ಲುಹಕ್ಕಲ. ಗಜನಿಯೆಲ್ಲಿ, ಹಕ್ಕಲವೆಲ್ಲಿ! ಸರಿದೂಗಲಿಲ್ಲ ಅಂತ ಅಪ್ಪ ತಾನಾಗಿ ಒಂದು ಕರೆಯುವ ಎಮ್ಮೆಯನ್ನೂ ತಾಮ್ರದ ಹಂಡೆಯನ್ನೂ ತಮ್ಮನಿಗೆ ಕೊಟ್ಟ. ಆದರೂ ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವಂತೆ. ತಮ್ಮನಿಗೆ ಮೋಸವಾಯಿತು ಎಂಬ ಮಾತನ್ನು ಸಾಯುವ ತನಕ ಆಡಿದ.

ಗಜನಿ ಅಂದರೆ ಏನು ಅಂತ ಹುಬ್ಬಳ್ಳಿಯ ನನ್ನ ನೆರೆಯವರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಉಪ್ಪುನೀರಿನ ಗದ್ದೆಯಲ್ಲಿ ಭತ್ತವೇ, ಅನ್ನುತ್ತಾರೆ. ಹೌದು, ಕಗ್ಗ ಅಂತ ಒಂದು ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುತ್ತದೆ, ತೆನೆಗೆ ಉದ್ದ ಮೀಸೆ ಇರುವುದರಿಂದ ಹಕ್ಕಿಗಳೂ ಅದರ ಗೊಡವೆಗೆ ಅಷ್ಟಾಗಿ ಬರುವುದಿಲ್ಲ. ಮಳೆಗೆ ಮೊದಲು ಹೊಳೆಯ ಕಡೆಯ ಮಣ್ಣಿನ ಕಟ್ಟೆಗೆ ಹೊಸ ಕೆಸರು ಮೆತ್ತಿ, ಜಂತ್ರಡಿ ಎಂಬ ತೂಬಿನ ಹಲಗೆ ಇಳಿಸಿ, ಭರತದ, ಅಂದರೆ ಉಬ್ಬರದ ನೀರು ಒಳಗೆ ಬಾರದ ಹಾಗೆ ಮಾಡುತ್ತಿದ್ದರು. ಜೂನಿನ ಮಳೆ ಗಜನಿಯ ಉಪ್ಪನ್ನು ತೊಳೆಯಬೇಕು. ತೊಳೆಯಿತೋ ಇಲ್ಲವೋ ನೋಡುವುದು ಹೇಗೆ? ಅಪ್ಪ ಬೆರಳದ್ದಿ ನಾಲಿಗೆಗೆ ಇಡುತ್ತಿದ್ದ. ಇವತ್ತು ಇಲ್ಲ, ಅನ್ನುತ್ತಿದ್ದ. ಎರಡು ದಿನ ಬಿಟ್ಟು ಮತ್ತೆ ಬೆರಳು. ನನಗೂ ನೆಕ್ಕಿಸುತ್ತಿದ್ದ. ನನಗೆ ಎಲ್ಲ ಒಂದೇ ರುಚಿ. ಸಪ್ಪೆಯಾಯಿತು ಅಂತ ಅವನ ನಾಲಿಗೆ ಒಪ್ಪಿದ ದಿನ ಮೊಳಕೆ ಬಂದ ಬೀಜ ಚೆಲ್ಲಿದರೆ ಮುಗಿಯಿತು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿಗೇ ಬಿಡುವುದು. ಆಮೇಲೆ ಜಂತ್ರಡಿ ತೆಗೆದರೆ ಹೊಳೆಯ ನೀರಿನ ಜತೆ ಮೀನು ಒಳಗೆ. ಕೊಳೆತ ಹುಲ್ಲು ತಿಂದು ಶೆಟ್ಲಿ, ಅಂದರೆ ಸಿಗಡಿ, ಬೆಳೆಯುತ್ತಿತ್ತು, ಶೆಟ್ಲಿಯ ಹಿಂದೆ ಕಾಗಳಸಿ ಮೀನು ಬರುತ್ತಿತ್ತು. ಆರು ತಿಂಗಳು ಅನ್ನ, ಆರು ತಿಂಗಳು ಸಾರು. ಒಂದೇ ಗದ್ದೆ.

ಕಗ್ಗದ ಗಂಜಿಯ ಬಗ್ಗೆ ಒಂದು ಮಾತು. ಅದು ಬಣ್ಣಕ್ಕೆ ಕೆಂಪು, ಬಾಯಿಗೆ ದಪ್ಪ, ಬೇಯಲು ಕಟ್ಟಿಗೆ ಮುಗಿಯಬೇಕು. ಸಣ್ಣವರಿದ್ದಾಗ ನಮಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ರೇಷನ್ನಿನ ಬೆಳ್ಳಗಿನ ಅನ್ನಕ್ಕೆ ಅಣ್ಣ, ನಾನು ಜಗಳಾಡುತ್ತಿದ್ದೆವು. ಈಗ ಕಗ್ಗ ನೆನೆದು ಬಾಯಲ್ಲಿ ನೀರು ಬರುತ್ತದೆ ಅಂದರೆ ಅರ್ಧ ಸುಳ್ಳು. ನನಗೆ ನೆನಪಾಗುವುದು ಅದರ ಜತೆಗಿದ್ದದ್ದು. ಕೆಂಡದಲ್ಲಿ ಸುಟ್ಟ ಒಣಬಂಗಡೆ, ಉಪ್ಪಿನ ಮಾವಿನಮಿಡಿ, ಕೈಯಲ್ಲೇ ಗುದ್ದಿ ಒಡೆದ ಕುಮಟಾದ ಸಿಹಿ ಈರುಳ್ಳಿ. ಮತ್ತೆ ಹೊಳೆಯ ಚಿಪ್ಪುಮೀನು ಬಳಚಿನ ಸುಕ್ಕೆ.

ಆ ಗಜನಿಯನ್ನು ಅಜ್ಜ ಗೇಣಿಗೆ ಮಾಡುತ್ತಿದ್ದ. 1974ರ ಉಳುವವನೇ ಒಡೆಯ ಕಾನೂನು ಬಂದಾಗ ಡಿಕ್ಲೇರೇಶನ್ ಹಾಕಿದ. ಏಳನೇ ನಂಬರ್ ಫಾರ್ಮು ಬರೆಸಲು ಕುಮಟೆಗೆ ನಡೆದುಕೊಂಡೇ ಹೋಗಿದ್ದನಂತೆ, ಒಡೆಯರು ಬಸ್ಸಿನಲ್ಲಿ ಕಂಡಾರು ಅಂತ ಹೆದರಿ. ಐದು ವರ್ಷ ಕಳೆದು ಗಜನಿ ಅವನ ಹೆಸರಿಗಾಯಿತು. ಹದಿನೈದು ವರ್ಷ ಮಾರುವ ಹಾಗಿರಲಿಲ್ಲ. ಅಜ್ಜ ಇದನ್ನು ಕೇಳಿ ನಕ್ಕಿದ್ದನಂತೆ: ಸಿಕ್ಕಿದ್ದನ್ನು ಮಾರುವವರೂ ಇರುತ್ತಾರಾ?

ಆ ಹದಿನೈದು ವರ್ಷ ಮುಗಿಯುವ ಹೊತ್ತಿಗೆ ಸಿಗಡಿ ಕೃಷಿ ಬಂತು. ನಾನು ಮದುವೆಯಾಗಿ ಹುಬ್ಬಳ್ಳಿ ಸೇರಿದ್ದೆ, ಹೀಗಾಗಿ ಇದೆಲ್ಲ ಕೇಳಿದ್ದು. ಸುತ್ತಲಿನ ಗಜನಿಗಳೆಲ್ಲ ಸಿಗಡಿ ಕೆರೆಗಳಾದವು, ಅಪ್ಪನೂ ಗಜನಿಯನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟ. ಎರಡು ವರ್ಷ ಕಂಡರಿಯದ ದುಡ್ಡು. ಅದರಲ್ಲೇ ಅಣ್ಣನ ಮದುವೆ, ಮನೆಗೆ ಮಂಗಳೂರು ಹೆಂಚು. ಮೂರನೇ ವರ್ಷ ಬಿಳಿಚುಕ್ಕೆ ರೋಗ ಬಂದು ಕೆರೆಗೆ ಕೆರೆಯೇ ಸತ್ತು ತೇಲಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಿಆರ್‌ಝೆಡ್ ಎಂಬ ಕರಾವಳಿ ನಿಯಂತ್ರಣ ವಲಯದ ಒಳಗಿನ ಸಿಗಡಿ ಕೆರೆಗಳನ್ನು ಮುಚ್ಚಬೇಕೆಂದಿತು. ಗುತ್ತಿಗೆದಾರ ಕಾಣೆಯಾದ. ಕಟ್ಟೆ ಒಂದು ಕಡೆ ಒಡೆದಿತ್ತು. ಅದನ್ನು ಕಟ್ಟಲು ಊರೆಲ್ಲ ಒಟ್ಟಾಗಬೇಕು, ಊರು ಅಷ್ಟರಲ್ಲಿ ಮುಂಬೈ, ಗೋವಾ, ಬೆಂಗಳೂರು ಸೇರಿತ್ತು. ಒಬ್ಬನ ಗಜನಿಗೆ ಬೇರೆ ಕಟ್ಟೆ ಅಂತ ಇರುವುದಿಲ್ಲ. ಈಗ ನಮ್ಮ ಎರಡು ಎಕರೆಯಲ್ಲಿ ಉಪ್ಪುನೀರಿನ ಕಾಂಡ್ಲ ಗಿಡ ಬೆಳೆದಿದೆ. ಬೆಳ್ಳಕ್ಕಿಗಳಿವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ಅಣ್ಣನಿಗೆ ಫೋಟೋ ಕಳಿಸಿದೆ. ಪಹಣಿಗೆ ಹತ್ತುತ್ತದಾ, ಅಂತ ಕೇಳಿದ.

ಕಳೆದ ಮೇ ತಿಂಗಳಲ್ಲಿ ಚಿಕ್ಕಮ್ಮ ಫೋನು ಮಾಡಿದರು. ಕಲ್ಲುಹಕ್ಕಲಕ್ಕೆ ಗಿರಾಕಿ ಬಂದಿದ್ದಾರೆ, ಬೆಂಗಳೂರಿನವರು. ಗುಂಟೆಗೆ ನಾಲ್ಕು ಲಕ್ಷ. ನಾನು ಫೋನಿನಲ್ಲೇ ಲೆಕ್ಕ ಹಾಕಿದೆ, ಎರಡು ಕೋಟಿ. ಮತ್ತೊಮ್ಮೆ ಹಾಕಿದೆ, ಅಷ್ಟೇ ಬಂತು. ಮೊದಲಾದರೆ ಜಮೀನು ಕೊಳ್ಳುವವರಿಗೆ ತಾವೂ ರೈತರೆಂಬ ಕಾಗದ ಬೇಕಿತ್ತು. 2020ರ ತಿದ್ದುಪಡಿಯ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ತೊಡಕು ನಮ್ಮ ಕಡೆಯಿಂದ. ಹಿಸ್ಸೆ ಬಾಯಿಮಾತಿನದಲ್ಲವೇ, ಹಕ್ಕಲದ ಪಹಣಿಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರ ಹೆಸರೂ ಇತ್ತು. ಇಬ್ಬರೂ ಈಗಿಲ್ಲ. ಅಪ್ಪನ ವಾರಸುದಾರರಾಗಿ ಅಣ್ಣನೂ ನಾನೂ ಸಹಿ ಹಾಕಬೇಕು. "ನೀ ಬಂದು ಹೋಗು ಮಗಾ. ಬಳಚು ತರಿಸ್ತೆ," ಅಂದರು.

ಅರಬೈಲು ಘಟ್ಟ ಇಳಿದೆ. ಹುಬ್ಬಳ್ಳಿ–ಅಂಕೋಲಾ ರೈಲು ಬರುತ್ತದೆ ಅಂತ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಗ ಹೇಳುತ್ತಿದ್ದರು. ಈಗ ಅವಳ ಮಗ ಶಾಲೆಗೆ ಹೋಗುತ್ತಾನೆ, ನಾನು ಬಸ್ಸಿನಲ್ಲೇ ಇದ್ದೇನೆ. ಅಂಕೋಲೆಯಲ್ಲಿ ಇಳಿದು ಕರಿ ಇಶಾಡ ಮಾವು ಕೊಂಡೆ. ಊರಿನ ಹೆಸರು ಕಾಯುವ ಜಿಐ ಗುರುತು ಬಂದ ಮೇಲೆ ಅದಕ್ಕೂ ಬೆಲೆ ಬಂದಿದೆಯಂತೆ. ಬುಟ್ಟಿಯಾಕೆ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಅಲ್ಲಿಂದ ಬೇರೆ ಬಸ್ಸು. ಶಿರೂರು ಬಂದಾಗ ಅದುವರೆಗೆ ಮಾತಾಡುತ್ತಿದ್ದವರೆಲ್ಲ ಸುಮ್ಮನಾಗಿ ಎಡಗಡೆ ಗುಡ್ಡದ ಗಾಯ ನೋಡಿದರು. 2024ರ ಜುಲೈ 16ರಂದು ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಬಿದ್ದ ಗುಡ್ಡ ಅದು. ನನಗೆ ಕಲ್ಲುಹಕ್ಕಲಕ್ಕೆ ರಸ್ತೆ ಕಡಿಯುವವರ ನೆನಪಾಯಿತು, ಕೂಡಲೇ ಎರಡು ಕೋಟಿಯ ನೆನಪೂ ಆಯಿತು. ಯಾವುದು ಮೊದಲು ಅಂತ ಈಗ ಹೇಳಲಾರೆ.

ಚಿಕ್ಕಮ್ಮ ಬಳಚನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿಟ್ಟಿದ್ದರು, ಮರಳು ಕಾರಿಕೊಳ್ಳಲಿ ಅಂತ. ಎಪ್ಪತ್ತೆಂಟರ ವಯಸ್ಸಿನಲ್ಲಿ ಈಳಿಗೆಯ ಮುಂದೆ ಕೂತು ಒಂದೊಂದನ್ನೇ ಅಲಗಿಗೆ ಕೊಟ್ಟು ಬಾಯಿ ಬಿಡಿಸುತ್ತಿದ್ದರು. ಒಂದು ಚಿಪ್ಪು ಎಸೆದು, ಮಾಂಸ ಹಿಡಿದ ಚಿಪ್ಪು ಪಾತ್ರೆಗೆ. ಒಳಗಿನ ನೀರು ಚೆಲ್ಲಬಾರದು, ಅದರಲ್ಲೇ ಉಪ್ಪು ಇರುವುದು. ಕಾಯಿ, ಒಣಮೆಣಸು, ಕೊತ್ತಂಬರಿ, ಸ್ವಲ್ಪ ಅರಿಶಿನ ತರಿತರಿ ಬೀಸಿ, ವಾಟೆಹುಳಿ ಹಾಕಿ, ಕಡೆಗೆ ಹೆಚ್ಚಿದ ಈರುಳ್ಳಿ. ಜುಮ್ಮನಕಾಯಿ ಹಾಕುತ್ತಾರೆ ಅಂತ ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಹಾಕುತ್ತಿದ್ದೆ. "ಅದು ಬಂಗಡೆಗೆ ಮಾರಾಯ್ತಿ, ಬಳಚಿಗೆ ಯಾರು ಹಾಕ್ತರು?" ಅಂದರು. ಮೂವತ್ತು ವರ್ಷ ನಾನು ಯಾವುದೋ ಬೇರೆ ಊರಿನ ಸುಕ್ಕೆ ತಿಂದು ನಮ್ಮೂರನ್ನು ನೆನೆದಿದ್ದೆ.

ಹಿತ್ತಲಲ್ಲಿ ಆ ತಾಮ್ರದ ಹಂಡೆ ಇನ್ನೂ ಒಲೆಯ ಮೇಲಿತ್ತು.

ಸಂಜೆ ಅಣ್ಣ ನನ್ನನ್ನು ಗಜನಿಯ ಕಟ್ಟೆಗೆ ಕರೆದುಕೊಂಡು ಹೋದ. ಪುಕ್ಕಟೆ ಸಹಿ ಹಾಕಬೇಡ, ಅಂದ. ಅವನು ದಲ್ಲಾಳಿಯನ್ನು ಕೇಳಿದ್ದಾನೆ, ಗಜನಿಗೆ ಏನು ಬರುತ್ತದೆ ಅಂತ. "ಅದು ನೀರು, ಸಿಆರ್‌ಝೆಡ್. ಲೆಕ್ಕಕ್ಕೆ ಹಿಡಿಯಬೇಡಿ," ಅಂದನಂತೆ. ಅಣ್ಣನ ವಾದ ಇಷ್ಟು: ಅಪ್ಪ ಆವತ್ತು ತಮ್ಮನಿಗೆ ಮೋಸವಾಯಿತೆಂದು ಎಮ್ಮೆ ಕೊಟ್ಟ, ಹಂಡೆ ಕೊಟ್ಟ. ಈಗ ನಮಗೆ ಆಗಿದೆ. ಅವರು ಏನು ಕೊಡುತ್ತಾರೆ? ಹಿರಿಯರ ಮಾತು, ಬಾಯಿಮಾತಾದರೂ ಮಾತೇ ಅಂತ ನಾನು ಏನೇನೋ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಸಭೆಯಲ್ಲಿ ಮಾತಾಡುವವರ ದನಿಯ ಹಾಗೆ ಕೇಳಿಸಿತು.

ಚಿಕ್ಕಪ್ಪನ ಮಗ ನಮ್ಮಿಬ್ಬರಿಗೂ ಹತ್ತು ಹತ್ತು ಲಕ್ಷ ಕೊಟ್ಟ. ಚೌಕಾಸಿ ಮಾಡಿದ್ದು ಅಣ್ಣ. ನಾನು ಒಳಗೆ ಇಶಾಡದ ಸಿಪ್ಪೆ ಸುಲಿಯುತ್ತ ಕೂತಿದ್ದೆ, ಆದರೆ ಕಿವಿ ಹೊರಗೇ ಇತ್ತು. ತೆಗೆದುಕೊಂಡೆ. ಬೇಡ ಅನ್ನುವಷ್ಟು ಶ್ರೀಮಂತಿಕೆ ನನಗಿಲ್ಲ, ಹುಬ್ಬಳ್ಳಿ ಮನೆಯ ಸಾಲದಲ್ಲಿ ಆರು ಲಕ್ಷ ಬಾಕಿ ಇತ್ತು.

ಜೂನಿನಲ್ಲಿ ಮಾರಾಟಕ್ಕೆ ಬೇಕಾದ ಸರ್ವೆಯವರ ಹನ್ನೊಂದು ಇ ನಕ್ಷೆ ಬಂದ ಮೇಲೆ ಮತ್ತೆ ಹೋಗಿ ಕುಮಟೆಯಲ್ಲಿ ಸಹಿ ಹಾಕಿದೆ. ಕೊಳ್ಳುವವರ ಕಡೆಯವನೊಬ್ಬ ಎಲ್ಲರಿಗೂ ಹೋಟೆಲಿನಲ್ಲಿ ಊಟ ಹಾಕಿಸಿದ. ಚಿಕ್ಕಮ್ಮ ಮೀನು ಮುಟ್ಟಲಿಲ್ಲ, ತಾಜಾ ಅಲ್ಲ ಅಂದರು. ಮೆನು ಕಾರ್ಡಿನಲ್ಲಿ ಕಗ್ಗ ರೈಸ್ ಅಂತ ಇತ್ತು. ಅದೂ ಇರಲಿಲ್ಲ, ಮುಗಿದಿದೆ ಅಂದರು.

ಬಸ್ ಸ್ಟ್ಯಾಂಡಿನಲ್ಲಿ ಮಳೆ ಶುರುವಾಗಿತ್ತು. ಚಿಕ್ಕಮ್ಮ ವಾಟೆಹುಳಿಯ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿದರು. ನಾನು ಬಸ್ಸು ಹತ್ತುವಾಗ ಸೆರಗು ತಲೆ ಮೇಲೆ ಎಳೆದುಕೊಂಡು ಹತ್ತಿರ ಬಂದರು. ಮದುವೆಯಾಗಿ ಬಂದಾಗಿನಿಂದ ಅವರು ಇಳಿತದ ಹೊತ್ತಿಗೆ ಬಳಚು ತೆಗೆಯಲು ಹೋಗುವುದು ನಮ್ಮ ಗಜನಿಯ ಕಟ್ಟೆ ಮೇಲೆಯೇ. ಅಲ್ಲಿಂದ ಹೊಳೆಗೆ ಇಳಿಯುವುದು ಸುಲಭ.

"ಇನ್ನು ನಿಮ್ಮ ಕಟ್ಟೆ ಮೇಲೆ ಹಾಯಬಹುದಲ್ಲ ಮಗಾ?" ಅಂತ ಕೇಳಿದರು.