ಕಂಪನಿಯ ಇಂಗಾಲದ ಲೆಕ್ಕದಲ್ಲಿ ನಾನು ಮೊದಲು ಹುಡುಕುವುದು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಾಫ್ಟ್‌ವೇರ್ ಕಂಪನಿಗಳ ಹಸಿರನ್ನೂ ಚಾವಣಿಯ ಸೌರಫಲಕಗಳನ್ನೂ ಕಂಡವರು, ಇಂಥ ಕಡೆ ಮಾಲಿನ್ಯ ಎಲ್ಲಿಂದ ಬರಬೇಕು ಎಂದು ಕೇಳುವುದುಂಟು. ಅಲ್ಲಿ ಚಿಮಣಿ ಇಲ್ಲವೆಂಬುದು ನಿಜ. ಆದರೆ ತಂತ್ರಜ್ಞಾನ ಕಂಪನಿಯ ಹೊಗೆ ಬಹುಪಾಲು ಬೇರೆಯವರ ಚಿಮಣಿಯಿಂದಲೇ ಹೊರಡುವುದರಿಂದ, ಅದರ ಲೆಕ್ಕ ಮಂಡ್ಯದ ಸಕ್ಕರೆ ಕಾರ್ಖಾನೆಯ ಲೆಕ್ಕದಷ್ಟು ನೇರವಾಗಿರುವುದಿಲ್ಲ.

ಹಸಿರುಮನೆ ಅನಿಲಗಳನ್ನು ಲೆಕ್ಕ ಹಾಕಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜಿಎಚ್‌ಜಿ ಪ್ರೋಟೋಕಾಲ್ ಎಂಬ ಮಾನದಂಡ ಈ ಲೆಕ್ಕವನ್ನು ಮೂರು ಸ್ಕೋಪ್‌ಗಳಾಗಿ, ಎಂದರೆ ವ್ಯಾಪ್ತಿಗಳಾಗಿ, ವಿಂಗಡಿಸುತ್ತದೆ. ಜನರೇಟರಿನ ಡೀಸೆಲ್, ಎಸಿಯಿಂದ ಸೋರುವ ಅನಿಲ ಮೊದಲನೆಯದಕ್ಕೆ ಸೇರುತ್ತವೆ. ಖರೀದಿಸಿದ ವಿದ್ಯುತ್ತು ಎರಡನೆಯದಕ್ಕೆ. ಲ್ಯಾಪ್‌ಟಾಪ್ ತಯಾರಿಕೆ, ವಿಮಾನಯಾನ, ನೌಕರರ ದಿನನಿತ್ಯದ ಓಡಾಟ ಮುಂತಾದ 15 ವರ್ಗಗಳು ಮೂರನೆಯದಕ್ಕೆ.

ಎರಡನೆಯ ಸ್ಕೋಪಿನಲ್ಲಿ ತುಸು ನಿಲ್ಲಬೇಕು, ಏಕೆಂದರೆ ಒಂದೇ ಮೀಟರಿನ ಓದಿಗೆ ಎರಡು ಉತ್ತರಗಳು ಬರುವುದು ಇಲ್ಲಿಯೇ. ಕಂಪನಿಯೊಂದು ವರ್ಷಕ್ಕೆ 10 ಲಕ್ಷ ಯೂನಿಟ್ ಬಳಸುತ್ತದೆ ಎನ್ನೋಣ. ಭಾರತದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಗ್ರಿಡ್‌ನ ಸರಾಸರಿಯನ್ನೇ ಹಿಡಿಯುವ ಸ್ಥಳಾಧಾರಿತ ಲೆಕ್ಕದಲ್ಲಿ ಅದು ಸುಮಾರು 700 ಟನ್. ಅದೇ ಕಂಪನಿ ಅಷ್ಟೂ ಯೂನಿಟ್ಟುಗಳಿಗೆ ಸೌರವಿದ್ಯುತ್ತಿನ ಒಪ್ಪಂದ ಮಾಡಿಕೊಂಡಿದ್ದರೆ, ಖರೀದಿ ಒಪ್ಪಂದವನ್ನು ಹಿಡಿಯುವ ಮಾರುಕಟ್ಟೆ ಆಧಾರಿತ ಲೆಕ್ಕದಲ್ಲಿ ಸೊನ್ನೆ. ಇದು ಸುಳ್ಳಲ್ಲ, ಅಂಥ ಒಪ್ಪಂದಗಳಿಂದ ಹೊಸ ಸೌರ ಘಟಕಗಳಿಗೆ ಹಣ ಹರಿಯಬಹುದು. ಆದರೂ ರಾತ್ರಿ ಪಾಳಿಯಲ್ಲಿ ಸರ್ವರ್‌ಗಳನ್ನು ನಡೆಸುವ ಗ್ರಿಡ್‌ನಲ್ಲಿ ರಾಯಚೂರಿನ ಕಲ್ಲಿದ್ದಲ ವಿದ್ಯುತ್ತೂ ಬೆರೆತಿರುತ್ತದೆ. (1902ರಲ್ಲೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಕಂಡ ಸೀಮೆಯವರಾದ ನಮಗೆ ನಮ್ಮ ಕರೆಂಟೆಲ್ಲ ನೀರಿನದೆಂಬ ಭ್ರಮೆ ಇನ್ನೂ ಪೂರ್ತಿ ಹೋಗಿಲ್ಲ.) ಆದ್ದರಿಂದ ವರದಿಯಲ್ಲಿ ಎರಡೂ ಅಂಕಿಗಳು ಅಕ್ಕಪಕ್ಕದಲ್ಲಿವೆಯೇ ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ. ಸೊನ್ನೆಯನ್ನು ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ವರದಿಯನ್ನು ನಂಬುವುದು ಕಷ್ಟ.

ಈ ಎಚ್ಚರಕ್ಕೆ ಗೂಗಲ್ ಒಳ್ಳೆಯ ಉದಾಹರಣೆ. ವರ್ಷವಿಡೀ ಬಳಸುವ ವಿದ್ಯುತ್ತಿಗೆ ಸರಿಸಮನಾಗಿ ನವೀಕರಿಸಬಹುದಾದ ವಿದ್ಯುತ್ತನ್ನು ಅದು 2017ರಿಂದಲೂ ಖರೀದಿಸುತ್ತ ಬಂದಿದೆ. ಹಾಗಿದ್ದರೂ 2023ರಲ್ಲಿ ತನ್ನ ಹೊರಸೂಸುವಿಕೆ 1.43 ಕೋಟಿ ಟನ್ನಿಗೆ ಮುಟ್ಟಿತೆಂದೂ, ಅದು 2019ಕ್ಕಿಂತ ಶೇ. 48ರಷ್ಟು ಹೆಚ್ಚೆಂದೂ ಅದೇ ತನ್ನ ವರದಿಯಲ್ಲಿ ಹೇಳಿಕೊಂಡಿತು. ಡೇಟಾ ಸೆಂಟರ್‌ಗಳ ವಿದ್ಯುತ್ ಬಳಕೆ, ಪೂರೈಕೆ ಸರಪಳಿ ಇವೇ ಅದು ಕೊಟ್ಟ ಕಾರಣಗಳು. ಬೆಳೆಯುವ ಕಂಪನಿಯಲ್ಲಿ ವಹಿವಾಟಿನ ಪ್ರತಿ ಕೋಟಿಗೆ ಇಂಗಾಲ ಇಳಿಯುತ್ತಲೇ ಒಟ್ಟು ಮೊತ್ತ ಏರಬಹುದು. ವಾತಾವರಣ ಸೇರುವುದು ಒಟ್ಟು ಮೊತ್ತವೇ.

ಮೈಸೂರಿನಲ್ಲಿ ವಿಶಾಲ ಆವರಣವಿರುವ ಇನ್ಫೋಸಿಸ್ 2020ರಲ್ಲಿ ಇಂಗಾಲ ತಟಸ್ಥವಾಯಿತು, ಎಂದರೆ ಕೂಡಿ ಕಳೆದ ಮೇಲೆ ಅದರ ಹೊರಸೂಸುವಿಕೆಯ ಲೆಕ್ಕ ಸೊನ್ನೆಯಾಯಿತು. ಅದರಲ್ಲಿ ಹಳ್ಳಿಗಳ ಜೈವಿಕ ಅನಿಲ, ಸುಧಾರಿತ ಒಲೆಗಳಂಥ ಯೋಜನೆಗಳ ಕ್ರೆಡಿಟ್‌ಗಳಿಗೂ, ಎಂದರೆ ಬೇರೆಡೆ ತಗ್ಗಿಸಿದ ಇಂಗಾಲವನ್ನು ತನ್ನ ಲೆಕ್ಕದಿಂದ ಕಳೆಯುವುದಕ್ಕೂ, ಪಾಲಿತ್ತು. ಅಂಥ ಯೋಜನೆಗಳಿಂದ ಅಡುಗೆಮನೆಯ ಹೊಗೆ ತಗ್ಗುವುದು ದೊಡ್ಡ ಉಪಕಾರವೇ ಸರಿ, ಆದರೆ ಯಾವ ಕಂಪನಿಯನ್ನು ಅಳೆಯುವಾಗಲೂ ಕ್ರೆಡಿಟ್ ಕಳೆಯುವ ಮುನ್ನಿನ ಮೊತ್ತವನ್ನೇ ಹಿಡಿದು ಕೂರುವುದು ಲೇಸು.

ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಅಗ್ರ 1000 ಪಟ್ಟೀಕೃತ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿದ್ದರಿಂದ ಈ ಅಂಕಿಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಆ ನಮೂನೆಯಲ್ಲಿ ಸ್ಕೋಪ್ 1 ಮತ್ತು 2 ಅವಶ್ಯ ಸೂಚಕಗಳು, ಸ್ಕೋಪ್ 3 ಮಾತ್ರ ಸ್ವಇಚ್ಛೆಯದು. ಸ್ಕೋಪ್ 3ರ ಕೋಷ್ಟಕ ಖಾಲಿ ಬಿಟ್ಟಿದ್ದರೆ, ಕಾರಣವೇನೆಂದು ಷೇರುದಾರರು ವಾರ್ಷಿಕ ಸಭೆಯಲ್ಲಿ ಕೇಳಬಹುದು.