ಬ್ರ್ಯಾಂಡಿವೈನ್ ದಂಡೆಯ ಕರಿಮದ್ದು, ಬೀದರಿನ ಒಂಟಿ ಮಿನಾರು

ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ಗೆ ಬಂದು ನೆಲೆಸಿದ ಎರಡನೆಯ ಚಳಿಗಾಲದಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ನನ್ನನ್ನು ತಮ್ಮ ಗುರಿಕಾರರ ಸಂಘದ ಬಯಲಿಗೆ ಕರೆದೊಯ್ದರು. ಅವರ ಹೆಗಲ ಮೇಲಿದ್ದದ್ದು ನಮ್ಮ ಕಡೆಯ ಹಳೆಯ ವಾಡೆಗಳ ಗೋಡೆಯಲ್ಲಿ ತೂಗುಬಿದ್ದಿರುವಂತಹ, ಮೂತಿಯಿಂದ ಮದ್ದು ತುಂಬುವ ಉದ್ದ ನಳಿಗೆಯ ಕೋವಿ. ಅವರು ಸಣ್ಣ ಅಳತೆಯ ಕೊಳವೆಯಿಂದ ಮದ್ದನ್ನು ಸುರಿದು, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನಿಟ್ಟು, ಅದನ್ನು ಗಜಕೋಲಿನಿಂದ ತಳದವರೆಗೆ ಇಳಿಸಿ, ಚಕಮಕಿ ಕಲ್ಲು ಕಚ್ಚಿಸಿದ ಕುದುರೆಯನ್ನು ಹಿಂದಕ್ಕೆಳೆದು ಗುರಿ ಹಿಡಿದರು. ಮೊದಲು ಕಿಡಿ, ಆಮೇಲೆ ಕಣ್ಣು ಮಿಟುಕಿಸುವಷ್ಟು ಮೌನ, ಆಮೇಲೆ ಸದ್ದು. ಅದರ ಹಿಂದೆಯೇ ಗುರಿಹಲಗೆಯನ್ನೂ ನಮ್ಮನ್ನೂ ಮುಚ್ಚಿಬಿಟ್ಟ ಬಿಳಿಯ ಹೊಗೆ. ದೀಪಾವಳಿಯ ಮರುದಿನ ಮುಂಜಾನೆ ಓಣಿಯಲ್ಲಿ ಉಳಿದಿರುವ ವಾಸನೆಯೇ ಅಲ್ಲಿಯೂ ಇತ್ತು.

ಈ ಹವ್ಯಾಸಕ್ಕೆ ಇಲ್ಲಿ ಗಟ್ಟಿಯಾದ ಬೇರುಗಳಿವೆ. ಮೂತಿ ತುಂಬುವ ಕೋವಿಗಳ ರಾಷ್ಟ್ರೀಯ ಸಂಘ 1933ರಲ್ಲಿಯೇ ಹುಟ್ಟಿತು. ನೆರೆಯ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಗೆಂದೇ ಮೀಸಲಾದ ಜಿಂಕೆ ಬೇಟೆಯ ಅವಧಿ 1974ರಿಂದ ನಡೆದುಬಂದಿದೆ. ಆದರೆ ನಾನು ಕಂಡಂತೆ ಈ ಜನರು ಗುಂಡು ಹಾರಿಸುವುದಕ್ಕಿಂತ ಕೋವಿ ತೊಳೆಯುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ. ಈ ಕೋವಿಗಳಿಗೆ ತುಂಬುವ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಸ್ತುವಾಗಿಯೇ ಉಳಿಯುತ್ತದೆ. ಹೊಗೆ ದಟ್ಟವಾಗಿರುವುದಕ್ಕೆ ಅದೇ ಕಾರಣ. ನಳಿಗೆಯೊಳಗೆ ಕುಳಿತ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುವುದರಿಂದ ಅಂದೇ ರಾತ್ರಿ ಬಿಸಿ ಸಾಬೂನು ನೀರಿನಲ್ಲಿ ತೊಳೆಯಲೇಬೇಕು. ಪಕ್ಕದ ಮನೆಯ ಹಿರಿಯರ ಅಡುಗೆಮನೆಯ ತೊಟ್ಟಿ ಈ ಕೆಲಸಕ್ಕೆ ಬಳಕೆಯಾಗುವುದರ ಬಗ್ಗೆ ಅವರ ಮನೆಯೊಡತಿಗೆ ತಕರಾರಿದೆ, ಅದು ನ್ಯಾಯವೇ.

ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು, ಗಂಧಕ: ಕರಿಮದ್ದಿನಲ್ಲಿರುವುದು ಇಷ್ಟೇ. ಇದ್ದಿಲು ಉರಿಯುತ್ತದೆ, ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒದಗಿಸುತ್ತದೆ, ಬೆಂಕಿ ಬೇಗ ಹತ್ತುವಂತೆ ಗಂಧಕ ಮಾಡುತ್ತದೆ. ಪೆಟ್ಲುಪ್ಪಿನ ಹೆಸರು ಬಂದಾಗ ನಾನು ಅವರಿಗೆ ನಮ್ಮೂರಿನ ಬಿದರಿ ಕೆಲಸದ ಕಥೆ ಹೇಳಿದೆ. ಸತು ಮತ್ತು ತಾಮ್ರದ ಪಾತ್ರೆಗೆ ಬೆಳ್ಳಿಯನ್ನು ಕೂರಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಭಾಗದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬಂದೀತು ಎಂಬುದನ್ನು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ. ಮಳೆ ಬಿಸಿಲು ಕಾಣದ ಹಳೆಯ ಗೋಡೆಗಳ ಬುಡದ ಇಂತಹ ಉಪ್ಪು ಮಣ್ಣನ್ನೇ ತೊಳೆದು ಒಂದು ಕಾಲದಲ್ಲಿ ಮದ್ದಿನ ಉಪ್ಪನ್ನೂ ತೆಗೆಯುತ್ತಿದ್ದರು. ಈ ಮಾತು ಕೇಳಿದ ಹಿರಿಯರು ಅಂಥ ಮಣ್ಣಿನ ಒಂದು ಪೊಟ್ಟಣ ತಂದುಕೊಡಲು ಸಾಧ್ಯವೇ ಎಂದು ಕೇಳಿದರು. ಪರವಾನಗಿಯಿಲ್ಲದೆ ಹೊರದೇಶದ ಮಣ್ಣನ್ನು ಈ ದೇಶದೊಳಗೆ ಬಿಡುವುದಿಲ್ಲವೆಂದು ನಾನು ಅವರಿಗೇ ನೆನಪಿಸಬೇಕಾಯಿತು.

ಅವರು ಕೇಳಿದ್ದು ಬರಿಯ ಕುತೂಹಲದಿಂದಲ್ಲ. ಲೂಯಿಸಿಯಾನಾದ ಮಿಂಡನ್‌ನಲ್ಲಿದ್ದ ‘ಗೋಯೆಕ್ಸ್’ ಕರಿಮದ್ದಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2021ರಲ್ಲಿ ಪ್ರಕಟವಾದಾಗ ಹವ್ಯಾಸಿಗಳು ಕಂಗಾಲಾದರು. ಮರುವರ್ಷ ಮತ್ತೊಂದು ಸಂಸ್ಥೆ ಅದನ್ನು ಕೊಂಡಿತಾದರೂ, ಆ ನಡುವಿನ ಕೊರತೆಯಲ್ಲಿ ‘ಮದ್ದನ್ನು ಮನೆಯಲ್ಲಿಯೇ ಮಾಡಿಕೊಂಡರಾಯಿತು’ ಎಂಬ ಮಾತು ಸಂಘದ ಕಾಫಿ ಮೇಜಿನವರೆಗೂ ಬಂತು. ಇಬ್ಬರು ಮೂವರು ತಮ್ಮ ಗ್ಯಾರೇಜಿನಲ್ಲಿ ಅದನ್ನು ಮಾಡಿಯೂ ನೋಡಿದ್ದರು. ಹೇಗೆ ಮಾಡಿದರು, ಯಾವುದೆಷ್ಟು ಬೆರೆಸಿದರು ಎಂಬುದನ್ನು ನಾನು ಕೇಳಲಿಲ್ಲ. ತಿಳಿದಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಕ್ರೀಡೆಗಾಗಿ 50 ಪೌಂಡಿನವರೆಗೆ, ಅಂದರೆ ಸುಮಾರು 23 ಕಿಲೋದಷ್ಟು ಕರಿಮದ್ದಿಗೆ ಇಲ್ಲಿನ ಕೇಂದ್ರ ಕಾನೂನು ವಿನಾಯಿತಿ ಕೊಡುತ್ತದೆ, ಆದರೆ ಆ ವಿನಾಯಿತಿ ವಾಣಿಜ್ಯವಾಗಿ ತಯಾರಾದ ಮದ್ದಿಗೆ ಮಾತ್ರ. ನಮ್ಮಲ್ಲಿಯಾದರೆ 1884ರ ಸ್ಫೋಟಕ ಕಾಯ್ದೆ ಇಂಥ ಪ್ರಯೋಗಕ್ಕೆ ಎಡೆಯನ್ನೇ ಕೊಡುವುದಿಲ್ಲ, ಅದಕ್ಕೆ ನನ್ನ ಆಕ್ಷೇಪವೂ ಇಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅಪ್ಪ ಬೀದರಿನಿಂದ ಬಂದಿದ್ದರು. ಅವರನ್ನು ಬ್ರ್ಯಾಂಡಿವೈನ್ ಹೊಳೆಯ ದಂಡೆಯಲ್ಲಿರುವ ಹ್ಯಾಗ್ಲಿ ಸಂಗ್ರಹಾಲಯಕ್ಕೆ ಕರೆದೊಯ್ದೆ. ಫ್ರಾನ್ಸಿನಲ್ಲಿ ಲಾವಾಸಿಯೇ ಎಂಬ ಮಹಾ ರಸಾಯನಶಾಸ್ತ್ರಜ್ಞರ ಕೈಕೆಳಗೆ ಮದ್ದಿನ ವಿದ್ಯೆ ಕಲಿತ ಎಲೂಥೇರ್ ಇರೆನೆ ಡು ಪಾಂಟ್ ಎಂಬವರು 1802ರಲ್ಲಿ ಇಲ್ಲಿ ಗಿರಣಿ ಸ್ಥಾಪಿಸಿದರು. ಅದು 1921ರವರೆಗೆ ನಡೆಯಿತು. ಹೊಳೆಯ ಉದ್ದಕ್ಕೂ ಸಾಲಾಗಿ ನಿಂತಿರುವ ಕಟ್ಟಡಗಳ ಮೂರು ಗೋಡೆಗಳು ಕೋಟೆಯ ಗೋಡೆಯಂತೆ ದಪ್ಪ ಕಲ್ಲಿನವು. ಹೊಳೆಯ ಕಡೆಯ ನಾಲ್ಕನೆಯ ಗೋಡೆ ಮತ್ತು ಮಾಡು ಮಾತ್ರ ಹಗುರ. ಒಳಗೆ ಮದ್ದು ಸಿಡಿದರೆ ಅದರ ಹೊಡೆತ ಪಕ್ಕದ ಗಿರಣಿಗೆ ತಗುಲದೆ ನೀರಿನ ಕಡೆಗೆ ಹೋಗಲೆಂದು ಹಾಗೆ ಕಟ್ಟಿದ್ದಾರೆ. ಸಿಡಿತದಲ್ಲಿ ಸತ್ತವನ ಬಗ್ಗೆ ಇಲ್ಲಿಯ ಕೆಲಸಗಾರರು ‘ಹೊಳೆ ದಾಟಿ ಹೋದ’ ಎನ್ನುತ್ತಿದ್ದರಂತೆ. 1818ರ ಒಂದೇ ಅವಘಡದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹಾಗೆ ಹೊಳೆ ದಾಟಿದರು. ಅಪ್ಪ ಆ ಬೋಳು ಮಗ್ಗುಲನ್ನು ಬಹಳ ಹೊತ್ತು ನೋಡಿ, “ಇವರು ಸಿಡೀತದಂತ ತಿಳಕೊಂಡೇ ಕಟ್ಯಾರ. ನಮ್ಮ ಮದರಸಾ ಓದಾಕ ಕಟ್ಟಿದ್ದು” ಎಂದರು.

ಅಪ್ಪ ಹೇಳಿದ್ದು ಮಹಮೂದ್ ಗವಾನರ ಮದರಸಾದ ಮಾತು. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನರು 1472ರ ಸುಮಾರಿಗೆ ಅದನ್ನು ಕಟ್ಟಿಸಿದರು. ಅದೇ ಸುಮಾರಿಗೆ ಅವರ ಸೈನ್ಯ ಬೆಳಗಾವಿಯ ಕೋಟೆಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ಸಿಡಿಸಿತ್ತು ಎಂಬುದೂ ಇತಿಹಾಸವೇ. ಔರಂಗಜೇಬನ ಕಾಲಕ್ಕೆ ಆ ವಿದ್ಯಾಲಯದೊಳಗೆ ಸೈನಿಕರೂ ಅವರ ಬಾರೂದೂ ಸೇರಿಕೊಂಡವು. 1696ರಲ್ಲಿ ಅದು ಸಿಡಿದು, ಸಿಡಿಲು ಬಡಿದದ್ದರಿಂದ ಎಂದು ಹೇಳುವವರಿದ್ದಾರೆ, ಮುಂಭಾಗದ ಒಂದು ಮಗ್ಗುಲೇ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಇಂದು ಒಂದೇ ನಿಂತಿದೆ. ಅದಕ್ಕೂ ಮೊದಲು, 1657ರ ಮುತ್ತಿಗೆಯಲ್ಲಿ, ಬೀದರ್ ಕೋಟೆಯ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗುಲಿ ಕಿಲ್ಲೇದಾರ ಸಿದ್ದಿ ಮರ್ಜಾನ್ ಪ್ರಾಣ ಕಳೆದುಕೊಂಡಿದ್ದ, ಕೋಟೆ ಮೊಗಲರ ಪಾಲಾಗಿತ್ತು. ಶಾಲೆಗೆ ಹೋಗುವಾಗ ದಿನವೂ ಆ ಒಂಟಿ ಮಿನಾರಿನ ನೆರಳು ತುಳಿದು ಹೋದವನು ನಾನು, ಆದರೆ ಇನ್ನೊಂದು ಎಲ್ಲಿ ಹೋಯಿತೆಂದು ಹೊಳೆಯ ದಂಡೆಯ ಆ ಗಿರಣಿಗಳ ಮುಂದೆ ನಿಲ್ಲುವವರೆಗೆ ಸರಿಯಾಗಿ ಯೋಚಿಸಿರಲಿಲ್ಲ.

ಈ ಹವ್ಯಾಸದ ಬಗ್ಗೆ ನನಗೆ ಗೌರವವಿದೆ. ಬಿಸಿ ನಳಿಗೆಯಲ್ಲಿ ಕೆಂಡದ ಚೂರು ಉಳಿದಿರಬಹುದೆಂದು ಡಬ್ಬಿಯಿಂದ ನೇರವಾಗಿ ಮದ್ದು ಸುರಿಯದೆ, ಒಂದು ಗುಂಡಿಗಾಗುವಷ್ಟನ್ನೇ ಬೇರೆ ಕೊಳವೆಗೆ ಅಳೆದುಕೊಳ್ಳುವ ಶಿಸ್ತು ಸಣ್ಣದಲ್ಲ. ಆದರೆ ಗ್ಯಾರೇಜಿಗೆ ಹೊಳೆಯ ಕಡೆಯ ಗೋಡೆಯಿಲ್ಲ. ಅದರ ಮೇಲಿನ ಕೋಣೆಯಲ್ಲಿ ಮೊಮ್ಮಕ್ಕಳು ಮಲಗಿರುತ್ತಾರೆ. ಇದನ್ನು ಹಿರಿಯರಿಗೆ ಹೇಳಿ, ಮದರಸಾದ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ, ಇಲ್ಲದ ಮಿನಾರಿನ ಜಾಗದಲ್ಲಿ ಬೆರಳಿಟ್ಟು, ಒಳಗೆ ಎಷ್ಟು ಮದ್ದಿತ್ತು ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮರುವರ್ಷ ಊರಿಗೆ ಹೋಗಿ ಬರುವಾಗ ಮಣ್ಣಿನ ಬದಲಿಗೆ, ಆ ಮಣ್ಣು ಕಪ್ಪಾಗಿಸಿದ ಒಂದು ಪುಟ್ಟ ಬಿದರಿ ಡಬ್ಬಿಯನ್ನು ಅವರಿಗೆಂದು ತಂದೆ. ಅಂಗಡಿಯಿಂದ ಕೊಂಡ ಮದ್ದು ಅವರ ಕಪಾಟಿನಲ್ಲಿರುತ್ತದೆ. ಬಿದರಿ ಡಬ್ಬಿಯಲ್ಲಿ ಚಕಮಕಿ ಕಲ್ಲುಗಳನ್ನು ಇಟ್ಟುಕೊಂಡಿದ್ದಾರೆ.